ಹೆಸರಿನಲ್ಲೇ ಔಷಧ ಮಾರಿದ ವೆಬ್‌ಸೈಟ್ ಪ್ಯಾಕೇಜ್: ಹತ್ತು ತಿಂಗಳ ಬಳಕೆಯ ನಂತರದ ವಿಮರ್ಶೆ

ನಮ್ಮ ಅತ್ತಿಗೆ ಗುಬ್ಬಿ ತಾಲ್ಲೂಕಿನ ನಮ್ಮ ಊರಿನಲ್ಲಿ ಆರು ವರ್ಷಗಳಿಂದ ರಾಗಿ ಹುರಿಹಿಟ್ಟು, ಮೊಳಕೆ ರಾಗಿಯ ಮಾಲ್ಟ್, ನವಣೆ ಮತ್ತು ಸಾಮೆ ಅಕ್ಕಿ, ಮೆಂತ್ಯ ಬೆರೆಸಿದ ಸಿರಿಧಾನ್ಯದ ಹಿಟ್ಟು ಇವುಗಳನ್ನು ಮಾಡಿ ಮಾರುತ್ತಿದ್ದಾರೆ. ಹುರಿಯುವುದು, ಬೀಸುವುದು, ಜರಡಿ ಹಿಡಿಯುವುದು ಅವರದು ಮತ್ತು ಅವರ ಜೊತೆಗಿರುವ ಮೂವರು ಹೆಂಗಸರದು. ಲೆಕ್ಕಪತ್ರ, ಲೇಬಲ್, ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತೆಯ ಕೇಂದ್ರ ಪ್ರಾಧಿಕಾರ) ನೋಂದಣಿ ಇವು ನನ್ನ ಪಾಲಿನ ಕೆಲಸ. ಸಂತೆ ಮತ್ತು ಸಿರಿಧಾನ್ಯ ಮೇಳಗಳಲ್ಲಿ ಪರಿಚಯವಾದ ಗಿರಾಕಿಗಳು ಬೆಂಗಳೂರಿಗೆ, ಪುಣೆಗೆ, ಒಬ್ಬರಂತೂ ಜರ್ಮನಿಗೆ ಪಾರ್ಸೆಲ್ ಕಳಿಸುತ್ತೀರಾ ಎಂದು ಕೇಳತೊಡಗಿದ ಮೇಲೆ, ನಮಗೂ ಒಂದು ವೆಬ್‌ಸೈಟ್ ಬೇಕು ಅನ್ನಿಸಿತು. ಡೊಮೈನ್ ಹೆಸರಿನ, ಅಂದರೆ ವೆಬ್‌ಸೈಟಿನ ವಿಳಾಸದ ನೋಂದಣಿ, ಸೈಟಿನ ವಿನ್ಯಾಸ, ಸೈಟನ್ನು ಇಂಟರ್ನೆಟ್ಟಿನಲ್ಲಿ ಇಡುವ ಒಂದು ವರ್ಷದ ಹೋಸ್ಟಿಂಗ್, ಹಣ ಪಾವತಿಯ ಜೋಡಣೆ ಎಲ್ಲವೂ ಸೇರಿದ ಪ್ಯಾಕೇಜ್ ಒಂದನ್ನು ಜಿಎಸ್‌ಟಿ ಸೇರಿ 11,800 ರೂಪಾಯಿಗೆ ಖರೀದಿಸಿದೆವು. ಕೊಟ್ಟ ಕಂಪನಿಯ ಹೆಸರನ್ನು ನಾನು ಬರೆಯುತ್ತಿಲ್ಲ. ನಾನು ಹೇಳಲಿರುವ ದೋಷ ಇಂಥ ಯಾವ ಪ್ಯಾಕೇಜಿನಲ್ಲೂ ಇರಬಹುದಾದದ್ದು, ಮತ್ತು ಆ ಕಂಪನಿಯ ಉಳಿದ ಕೆಲಸದಲ್ಲಿ ನನಗೆ ಹೆಚ್ಚು ತಕರಾರಿಲ್ಲ.

ಆ ಉಳಿದ ಕೆಲಸದ ಮಾತನ್ನು ಮೊದಲು ಮುಗಿಸುತ್ತೇನೆ. ಸೈಟು ಒಂಬತ್ತು ದಿನಗಳಲ್ಲಿ ಸಿದ್ಧವಾಯಿತು. ನಮ್ಮ ಊರಿನ ನೆಟ್‌ವರ್ಕಿನಲ್ಲೂ ಫೋಟೋಗಳು ತಡವಿಲ್ಲದೆ ತೆರೆದುಕೊಳ್ಳುತ್ತವೆ. ಕನ್ನಡ ಅಕ್ಷರಗಳು ಒಡೆಯದೆ, ಒತ್ತಕ್ಷರಗಳು ಕೆಳಗೆ ಜಾರದೆ ಸರಿಯಾಗಿ ಕಾಣುತ್ತವೆ. ಇದು ಸಣ್ಣ ಮಾತಲ್ಲ. ಯುಪಿಐ ಮೂಲಕ ಬಂದ ಹಣ ಮಾರನೆಯ ಕೆಲಸದ ದಿನ ಖಾತೆಗೆ ಬೀಳುತ್ತದೆ. ಸಹಾಯವಾಣಿಯವರು ಕನ್ನಡದಲ್ಲೇ ಮಾತನಾಡುತ್ತಾರೆ, ತಾಳ್ಮೆಯಿಂದ ಮಾತನಾಡುತ್ತಾರೆ. ಇಷ್ಟಕ್ಕೇ ವಿಮರ್ಶೆ ನಿಂತಿದ್ದರೆ ಐದರಲ್ಲಿ ನಾಲ್ಕೂವರೆ ನಕ್ಷತ್ರ ಕೊಡಲು ಹಿಂಜರಿಯುತ್ತಿರಲಿಲ್ಲ.

ತೊಂದರೆ ಶುರುವಾದದ್ದು ಮೊದಲ ದಿನವೇ, ಹೆಸರು ಆರಿಸುವ ಪುಟದಲ್ಲಿ. ನಾವು ಏನು ಮಾರುತ್ತೇವೆ ಎಂಬುದನ್ನು ಎರಡು ಪದಗಳಲ್ಲಿ ಬರೆಯಿರಿ ಎಂದು ಒಂದು ಪೆಟ್ಟಿಗೆ ಕೇಳುತ್ತದೆ. ನಾನು 'ರಾಗಿ, ಸಿರಿಧಾನ್ಯ' ಎಂದು ಬರೆದೆ. ಕೆಳಗೆ ಹತ್ತು ಹೆಸರುಗಳು ಸಾಲಾಗಿ ಬಂದವು. ಪ್ರತಿಯೊಂದರ ಪಕ್ಕದಲ್ಲಿ ಬೆಲೆ, ಮೂರು ಹೆಸರುಗಳ ಪಕ್ಕದಲ್ಲಿ ಮಾತ್ರ 'ಹೆಚ್ಚು ಜನ ಹುಡುಕುವ ಪದ' ಎಂಬ ಹಸಿರು ಪಟ್ಟಿ. ಹಸಿರು ಪಟ್ಟಿ ಸಿಕ್ಕ ಮೂರು ಹೆಸರುಗಳಲ್ಲಿ ಒಂದು ಸಕ್ಕರೆ ಕಾಯಿಲೆಗೆ ವಿದಾಯ ಹೇಳುವ ಅರ್ಥದ್ದು, ಇನ್ನೊಂದು ತೂಕ ಕರಗಿಸುವ ಮಾತು, ಮೂರನೆಯದು ಬಿಪಿಯನ್ನು ಗೆಲ್ಲುವ ಮಾತು. ಆ ಹೆಸರುಗಳನ್ನು ಇದ್ದ ಹಾಗೆ ಇಲ್ಲಿ ಬರೆದರೆ, ಓದಿದವರಲ್ಲಿ ಯಾರಾದರೂ ಹೋಗಿ ಕೊಂಡುಕೊಳ್ಳಬಹುದೆಂಬ ಭಯದಿಂದ ಬರೆಯುತ್ತಿಲ್ಲ. ಉಳಿದ ಏಳು ಹೆಸರುಗಳಲ್ಲಿ ಧಾನ್ಯ, ಹಿಟ್ಟು, ಹಳ್ಳಿ ಎಂಬಂಥ ಸಾಧು ಪದಗಳಿದ್ದವು, ಆದರೆ ಅವುಗಳಿಗೆ ಹಸಿರು ಪಟ್ಟಿ ಇರಲಿಲ್ಲ. ಅತ್ತಿಗೆ ಅನುಮಾನದಿಂದಲೇ ನೋಡಿದರು. "ನಮ್ ಹಿಟ್ಟು ತಿಂದ್ರೆ ಸಕ್ಕರೆ ಕಾಯಿಲೆ ಹೋಗುತ್ತೆ ಅಂತ ನಾನ್ಯಾವತ್ತು ಹೇಳಿದೀನಪ್ಪಾ?" ಎಂದರು. ನಾನು ಸಹಾಯವಾಣಿಗೆ ಫೋನ್ ಮಾಡಿ ಕೇಳಿದೆ. ಆ ಹುಡುಗ ಹೇಳಿದ್ದು ಇನ್ನೂ ಕಿವಿಯಲ್ಲಿದೆ: "ಸರ್, ಡೊಮೈನ್ ಅಂದ್ರೆ ಬರೀ ಅಡ್ರೆಸ್ಸು. ಒಳಗಡೆ ಏನ್ ಬರೀತೀರೋ ಅದು ಮುಖ್ಯ." ಆ ಮಾತನ್ನು ನಂಬಿ ಮೊದಲನೆಯ ಹೆಸರನ್ನೇ ಕೊಂಡೆ. ತಪ್ಪಿನಲ್ಲಿ ನನ್ನ ಪಾಲೂ ಇದೆ ಎಂಬುದನ್ನು ಒಪ್ಪಿಕೊಳ್ಳುತ್ತೇನೆ.

ವಿಳಾಸವೆಂಬುದು ಒಂದು ಕಡೆ ಸುಮ್ಮನೆ ಕೂರುವ ವಸ್ತುವಲ್ಲ ಎಂದು ಗೊತ್ತಾಗಲು ಎರಡು ತಿಂಗಳು ಸಾಕಾಯಿತು. ಲೇಬಲ್ಲಿನ ಕೆಳಗೆ ನಮ್ಮ ನೋಂದಣಿಯ 14 ಅಂಕಿಗಳ ಸಂಖ್ಯೆಯ ಪಕ್ಕದಲ್ಲಿ ವೆಬ್‌ಸೈಟಿನ ಹೆಸರು ಅಚ್ಚಾಯಿತು. ಬಿಲ್ಲಿನ ತಲೆಯ ಮೇಲೆ ಬಂತು. ಕೊರಿಯರ್ ಪೆಟ್ಟಿಗೆಗೆ ಸುತ್ತುವ ಟೇಪಿನ ಮೇಲೆ ಮೀಟರುಗಟ್ಟಲೆ ಬಂತು. ವಾಟ್ಸ್‌ಆ್ಯಪ್‌ನಲ್ಲಿ ನಮ್ಮ ಲಿಂಕ್ ಕಳಿಸಿದರೆ ಮೇಲೆ ಅತ್ತಿಗೆ ಮೊರದಲ್ಲಿ ರಾಗಿ ಕೇರುತ್ತಿರುವ ಚಿತ್ರ, ಅದರ ಕೆಳಗೆ 'ಮೊಳಕೆ ರಾಗಿ ಮಾಲ್ಟ್, ಅರ್ಧ ಕಿಲೋ', ಅದಕ್ಕೂ ಕೆಳಗೆ ಬೂದು ಬಣ್ಣದ ಸಣ್ಣ ಅಕ್ಷರಗಳಲ್ಲಿ ಸಕ್ಕರೆ ಕಾಯಿಲೆಗೆ ವಿದಾಯ. ಒಳಗಿನ ಪುಟಗಳಲ್ಲಿ ನಾವು ಒಂದು ಕಾಯಿಲೆಯ ಹೆಸರನ್ನೂ ಬರೆದಿರಲಿಲ್ಲ. ಪುಟಗಳನ್ನು ಪೂರ್ತಿ ಓದಿದ ಗಿರಾಕಿಗಳು ಬೆರಳೆಣಿಕೆಯಷ್ಟಿರಬಹುದು. ಹೆಸರನ್ನು ಮಾತ್ರ ಎಲ್ಲರೂ ಓದಿದ್ದರು.

ಕಡೂರು ಕಡೆಯ ಹಿರಿಯರೊಬ್ಬರು ಫೋನ್ ಮಾಡಿದ ದಿನ ನನಗೆ ವಿಷಯ ಅರ್ಥವಾಯಿತು. ಎರಡು ಕಿಲೋ ಹಿಟ್ಟು ತರಿಸಿಕೊಂಡಿದ್ದರು. "ಇದನ್ನ ಶುರು ಮಾಡಿದ ಮೇಲೆ ಮಾತ್ರೆ ಯಾವತ್ತಿಂದ ನಿಲ್ಲಿಸ್ಬೇಕು ಅಂತ ಪ್ಯಾಕೆಟ್ಟಲ್ಲಿ ಹಾಕಿಲ್ಲವಲ್ಲ ಸ್ವಾಮಿ" ಎಂದು ಕೇಳಿದರು. ಹದಿನಾಲ್ಕು ವರ್ಷಗಳಿಂದ ಮಾತ್ರೆ ತೆಗೆದುಕೊಳ್ಳುತ್ತಿರುವವರು. ಅದು ಬರೀ ಹಿಟ್ಟು, ಮಾತ್ರೆಯನ್ನು ವೈದ್ಯರನ್ನು ಕೇಳದೆ ಒಂದು ಹೊತ್ತೂ ಬಿಡಬೇಡಿ ಎಂದು ಹೇಳಿ ಫೋನ್ ಇಟ್ಟ ಮೇಲೆ, ಕೇಳದೆಯೇ ಮಾತ್ರೆ ನಿಲ್ಲಿಸಿದವರು ಎಷ್ಟು ಜನರಿರಬಹುದು ಎಂಬ ಯೋಚನೆ ಬಂತು. ಆ ರಾತ್ರಿ ನಾನು ನಿದ್ದೆ ಮಾಡಲಿಲ್ಲ. ಮಾರನೆಯ ದಿನ ತುಮಕೂರಿನಲ್ಲಿ ನಮಗೆ ಪರಿಚಯವಿರುವ ವಕೀಲರ ಮುಂದೆ ಲೇಬಲ್, ಬಿಲ್ಲು, ಟೇಪಿನ ತುಂಡು ಮೂರನ್ನೂ ಇಟ್ಟೆ. ಆಮೇಲೆ ಅವರು ತೋರಿಸಿದ ಕಾನೂನುಗಳನ್ನು ಕುಳಿತು ಓದಿದೆ. ಈ ಪ್ಯಾಕೇಜ್ ಕೊಳ್ಳುವ ಮುನ್ನ ಕಂಪನಿ ನನಗೆ ನಾಲ್ಕು ಸಾಲಿನಲ್ಲಾದರೂ ಹೇಳಬೇಕಾಗಿದ್ದ ಸಂಗತಿಗಳು ಅವು; ಹೇಳದ ಕಾರಣ ಇಲ್ಲಿ ಬರೆಯುತ್ತಿದ್ದೇನೆ.

2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯಲ್ಲಿ ಜಾಹೀರಾತು ಎಂಬ ಪದಕ್ಕೆ ಕೊಟ್ಟಿರುವ ಅರ್ಥ ಬಹಳ ಅಗಲವಾದದ್ದು. ಬೆಳಕು, ಶಬ್ದ, ಹೊಗೆ, ಮುದ್ರಣದಿಂದ ಹಿಡಿದು ಇಂಟರ್ನೆಟ್, ವೆಬ್‌ಸೈಟ್‌ಗಳವರೆಗೆ ಯಾವುದೇ ಮೂಲಕ ಮಾಡಿದ ಪ್ರಚಾರ ಅಥವಾ ಹೇಳಿಕೆ ಅದರೊಳಗೆ ಬರುತ್ತದೆ. ಲೇಬಲ್, ಹೊದಿಕೆ, ಬಿಲ್ಲು ಸಹ ಬರುತ್ತವೆ. ಅದೇ ಕಾಯ್ದೆಯ ಪ್ರಕಾರ, ಒಂದು ಆಹಾರಕ್ಕೆ ಇಂಥ ಗುಣವಿದೆ ಎಂದು ನೇರವಾಗಿ ಹೇಳುವುದು ಮಾತ್ರವಲ್ಲ, ಸೂಚಿಸುವುದೂ ಧ್ವನಿಸುವುದೂ ದಾವೆಯೇ, ಅಂದರೆ ಕ್ಲೇಮ್ (ಇಲ್ಲಿ ದಾವೆ ಎಂದರೆ ಮೊಕದ್ದಮೆಯಲ್ಲ, ಗುಣ ಹೇಳಿಕೊಳ್ಳುವ ಮಾತು). ಹೀಗಿರುವಾಗ ನಮ್ಮ ಡೊಮೈನ್ ಹೆಸರು ವೆಬ್‌ಸೈಟಿನಲ್ಲಿದ್ದರೂ ಜಾಹೀರಾತು, ಲೇಬಲ್ಲಿನಲ್ಲಿದ್ದರೂ ಜಾಹೀರಾತು, ಬಿಲ್ಲಿನಲ್ಲಿದ್ದರೂ ಜಾಹೀರಾತು. ದಾರಿ ತಪ್ಪಿಸುವ ಜಾಹೀರಾತಿಗೆ 53ನೆಯ ಸೆಕ್ಷನ್ನಿನಲ್ಲಿ 10 ಲಕ್ಷ ರೂಪಾಯಿವರೆಗೆ ದಂಡವಿದೆ. ಅದೇ ಸೆಕ್ಷನ್ನಿನ ಎರಡನೆಯ ಭಾಗವನ್ನು ಓದುವಾಗ ನನ್ನ ಕೈ ಅಲ್ಲೇ ನಿಂತಿತು: ಲೇಬಲ್ಲಿನಲ್ಲಿ ಪದಾರ್ಥಗಳ ವಿವರವನ್ನು ಚಾಚೂ ತಪ್ಪದೆ ಸರಿಯಾಗಿ ಕೊಟ್ಟಿದ್ದರೂ ಉಲ್ಲಂಘನೆ ಆಗಿದೆ ಎಂದು ತೀರ್ಮಾನಿಸಲು ಅಡ್ಡಿಯಿಲ್ಲ. 'ಒಳಗಡೆ ಏನ್ ಬರೀತೀರೋ ಅದು ಮುಖ್ಯ' ಎಂಬ ಸಹಾಯವಾಣಿಯ ಮಾತು ಇಲ್ಲಿಗೆ ಬಿದ್ದುಹೋಯಿತು. ಈ ದಂಡದ ವಿಚಾರಣೆ ನಡೆಸುವವರು ಅಪರ ಜಿಲ್ಲಾ ಮ್ಯಾಜಿಸ್ಟ್ರೇಟ್ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ. ಅಂದರೆ ನಮ್ಮ ಜಿಲ್ಲಾ ಕಚೇರಿಯಲ್ಲೇ ನಡೆಯಬಹುದಾದ ವಿಚಾರಣೆ, ದೂರದ ದೆಹಲಿಯ ಮಾತಲ್ಲ. ಇದರ ಜೊತೆಗೆ, ಜಾಹೀರಾತು ಮತ್ತು ದಾವೆಗಳ ಬಗ್ಗೆ 2018ರಲ್ಲಿ ಬಂದ ನಿಯಮಗಳು, ವಿಶೇಷ ಅನುಮತಿ ಇಲ್ಲದ ಹೊರತು ಯಾವ ಆಹಾರವೂ ಕಾಯಿಲೆಯನ್ನು ತಡೆಯುತ್ತದೆ, ಶಮನಗೊಳಿಸುತ್ತದೆ, ವಾಸಿ ಮಾಡುತ್ತದೆ ಎಂದು ಹೇಳಿಕೊಳ್ಳಬಾರದೆಂದು ಸ್ಪಷ್ಟವಾಗಿ ಹೇಳುತ್ತವೆ.

ಇದಕ್ಕಿಂತ ಗಂಭೀರವಾದದ್ದು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತು ಕಾಯ್ದೆ. ಅದರ ಅನುಸೂಚಿಯಲ್ಲಿ 54 ಕಾಯಿಲೆಗಳು ಮತ್ತು ದೇಹಸ್ಥಿತಿಗಳ ಪಟ್ಟಿ ಇದೆ. ಮಧುಮೇಹ ಇದೆ, ಕ್ಯಾನ್ಸರ್ ಇದೆ, ರಕ್ತದೊತ್ತಡ ಇದೆ, ಬೊಜ್ಜು ಇದೆ, ಸಂಧಿವಾತ ಇದೆ, ಕಣ್ಣಿನ ಪೊರೆ ಇದೆ, ಜನರ ಎತ್ತರ ಹೆಚ್ಚಿಸುವ ಮಾತೂ ಇದೆ. ಪೆಟ್ಟಿಗೆಯು ಹಸಿರು ಪಟ್ಟಿ ಹಚ್ಚಿ ನಮಗೆ ತೋರಿಸಿದ ಮೂರು ಹೆಸರುಗಳೂ ಈ ಪಟ್ಟಿಯ ಮೂರು ಸಾಲುಗಳ ಮೇಲೆ ನೇರವಾಗಿ ಬಂದು ಕೂರುತ್ತವೆ. ಈ ಕಾಯಿಲೆಗಳನ್ನು ಗುಣಪಡಿಸುತ್ತದೆಂದೋ ತಡೆಯುತ್ತದೆಂದೋ ಸೂಚಿಸುವಂತೆ ಯಾವ ಔಷಧವನ್ನೂ ಜಾಹೀರು ಮಾಡುವಂತಿಲ್ಲ. ಮೊದಲ ಬಾರಿ ಅಪರಾಧ ಸಾಬೀತಾದರೆ ಆರು ತಿಂಗಳವರೆಗೆ ಸೆರೆ ಅಥವಾ ದಂಡ ಅಥವಾ ಎರಡೂ, ಮತ್ತೆ ಮಾಡಿದರೆ ಒಂದು ವರ್ಷದವರೆಗೆ. ನಾವು ಮಾರುವುದು ಹಿಟ್ಟು, ಔಷಧವಲ್ಲವಲ್ಲ ಎಂದು ನಾನು ವಕೀಲರಿಗೆ ಹೇಳಿದೆ. ಅವರು ವ್ಯಾಖ್ಯೆಯ ಮೇಲೆ ಬೆರಳಿಟ್ಟರು: ಕಾಯಿಲೆಯ ಚಿಕಿತ್ಸೆಗೆ ಅಥವಾ ತಡೆಗೆ ಬಳಸಲು ಉದ್ದೇಶಿಸಿದ ಯಾವುದೇ ವಸ್ತು ಈ ಕಾಯ್ದೆಯ ಕಣ್ಣಿಗೆ ಔಷಧ. ಉದ್ದೇಶವನ್ನು ಹೇಳುವುದು ಯಾವುದು? ನಮ್ಮ ಹೆಸರೇ. ರಾಗಿ ರಾಗಿಯಾಗಿಯೇ ಉಳಿದಿತ್ತು, ಅದರ ಮೇಲೆ ಹಚ್ಚಿದ ಹೆಸರು ಅದನ್ನು ಔಷಧದ ಸಾಲಿಗೆ ತಳ್ಳಿತ್ತು. ಒಮ್ಮೆ ಆ ಸಾಲಿಗೆ ಹೋದರೆ ಪರವಾನಗಿಯಿಲ್ಲದೆ ಔಷಧ ತಯಾರಿಸಿದ ಪ್ರಶ್ನೆಯೂ ಬೆನ್ನಿಗೆ ಬರಬಹುದು. ಸರ್ವರ್ ಅಮೆರಿಕದಲ್ಲಿದೆ ಎಂಬ ನೆಪವೂ ನಡೆಯುವುದಿಲ್ಲ, ಏಕೆಂದರೆ ಇಲ್ಲಿನ ಕಾಯಂ ನಿವಾಸಿಗಳು ಹೊರದೇಶದಲ್ಲಿದ್ದರೂ ಅವರಿಗೆ ಈ ಕಾಯ್ದೆ ಅನ್ವಯಿಸುತ್ತದೆ. ಇಂಟರ್ನೆಟ್ ಕನಸಿನಲ್ಲೂ ಇಲ್ಲದ ಕಾಲದಲ್ಲಿ ಬರೆದ ಕಾನೂನು ಇಷ್ಟು ಮುಂದಾಲೋಚನೆಯಿಂದ ಕೂಡಿದೆ ಎಂಬುದು ನನಗೆ ಅಚ್ಚರಿ ತಂದಿತು. ಈ ಕಾಯ್ದೆ ವಾಕ್ ಸ್ವಾತಂತ್ರ್ಯಕ್ಕೆ ವಿರುದ್ಧವೆಂದು ಹಮ್ದರ್ದ್ ದವಾಖಾನಾ ಸಂಸ್ಥೆ ಸುಪ್ರೀಂ ಕೋರ್ಟಿಗೆ ಹೋಗಿತ್ತು. 1959ರ ಕೊನೆಯಲ್ಲಿ ಬಂದ ತೀರ್ಪು ಕಾಯ್ದೆಯ ಕೆಲವು ಅಂಶಗಳನ್ನು ತೆಗೆದುಹಾಕಿದರೂ, ನಿಷೇಧಿತ ಔಷಧ ಮಾರಲು ಕೊಡುವ ಜಾಹೀರಾತಿಗೆ ಆ ಸ್ವಾತಂತ್ರ್ಯದ ಆಸರೆ ಸಿಗದು ಎಂದು ಹೇಳಿತು.

ಡೊಮೈನ್ ಬರೀ ಅಡ್ರೆಸ್ಸು ಎಂಬ ಮಾತಿಗೂ ನ್ಯಾಯಾಲಯ ಬಹಳ ಹಿಂದೆಯೇ ಉತ್ತರ ಕೊಟ್ಟಿದೆ, ಮತ್ತು ಆ ಮೊಕದ್ದಮೆ ಹುಟ್ಟಿದ್ದು ನಮ್ಮ ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟಿನಲ್ಲಿ. ಸತ್ಯಂ ಇನ್ಫೋವೇ ಸಂಸ್ಥೆ 'ಸಿಫಿ' ಎಂಬ ಪದವಿರುವ ಡೊಮೈನ್ ಹೆಸರುಗಳನ್ನು ಬಳಸುತ್ತಿತ್ತು. ಇನ್ನೊಂದು ಸಂಸ್ಥೆ ಅದಕ್ಕೆ ಒಂದಕ್ಷರದ ವ್ಯತ್ಯಾಸವಿರುವ ಹೆಸರಿನಲ್ಲಿ ವ್ಯವಹಾರ ಶುರು ಮಾಡಿತು. ಸಿವಿಲ್ ಕೋರ್ಟ್ ತಡೆಯಾಜ್ಞೆ ಕೊಟ್ಟಿತು, ಹೈಕೋರ್ಟ್ ಅದನ್ನು ತೆಗೆಯಿತು, 2004ರ ಮೇ 6ರಂದು ಸುಪ್ರೀಂ ಕೋರ್ಟ್ ಮತ್ತೆ ಎತ್ತಿಹಿಡಿಯಿತು. ಡೊಮೈನ್ ಹೆಸರು ಕಂಪ್ಯೂಟರುಗಳು ಒಂದನ್ನೊಂದು ಹುಡುಕುವ ವಿಳಾಸವಾಗಿ ಹುಟ್ಟಿದ್ದರೂ, ವ್ಯಾಪಾರ ಇಂಟರ್ನೆಟ್ಟಿಗೆ ಬಂದ ಮೇಲೆ ಅದು ಟ್ರೇಡ್‌ಮಾರ್ಕಿನ ಲಕ್ಷಣಗಳನ್ನೆಲ್ಲ ಹೊಂದಬಲ್ಲ ವ್ಯಾಪಾರದ ಗುರುತು ಎಂಬುದು ಆ ತೀರ್ಪಿನ ತಿರುಳು. ಅದು ಆರೋಗ್ಯದ ದಾವೆಯ ಪ್ರಕರಣವಲ್ಲ, ಒಬ್ಬರ ಹೆಸರನ್ನು ಇನ್ನೊಬ್ಬರು ಬಳಸಿಕೊಂಡ ಪ್ರಕರಣ. ಆದರೂ ಇಪ್ಪತ್ತು ವರ್ಷಗಳ ಹಿಂದಿನ ಆ ತೀರ್ಪಿನ ನಂತರ, ಹೆಸರು ಮಾರುವುದನ್ನೇ ಕಸುಬಾಗಿಸಿಕೊಂಡ ಕಂಪನಿಯೊಂದು ತನ್ನ ನೌಕರನಿಗೆ 'ಬರೀ ಅಡ್ರೆಸ್ಸು' ಎಂದು ಹೇಳಲು ಕಲಿಸಬಾರದು.

ಕಂಪನಿಯವರಿಗೆ ಇದನ್ನೆಲ್ಲ ಬರೆದು ಕಳಿಸಿದಾಗ ಅವರು ಕೊಟ್ಟ ಮೊದಲ ಪರಿಹಾರ, ಪುಟದ ಕೊನೆಯಲ್ಲಿ ಒಂದು ಹಕ್ಕುನಿರಾಕರಣೆ ಹಾಕುವುದು: 'ಈ ಉತ್ಪನ್ನ ಯಾವ ಕಾಯಿಲೆಯನ್ನೂ ಗುಣಪಡಿಸುವುದಿಲ್ಲ.' ಮೇಲೆ ಗುಣಪಡಿಸುತ್ತೇನೆನ್ನುವ ಹೆಸರು, ಕೆಳಗೆ ಗುಣಪಡಿಸುವುದಿಲ್ಲವೆನ್ನುವ ಸಾಲು. ಗ್ರಾಹಕ ರಕ್ಷಣಾ ಕಾಯ್ದೆಯಡಿ 2022ರ ಜೂನ್‌ನಲ್ಲಿ ಬಂದ ಮಾರ್ಗಸೂಚಿ ಇದನ್ನೇ ಬೇಡವೆನ್ನುತ್ತದೆ. ದಾರಿ ತಪ್ಪಿಸುವ ದಾವೆಯನ್ನು ಹಕ್ಕುನಿರಾಕರಣೆಯಿಂದ ತಿದ್ದಲು ಹೋಗಬಾರದು. 2019ರ ಆ ಕಾಯ್ದೆಯಡಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಮೊದಲ ತಪ್ಪಿಗೆ 10 ಲಕ್ಷ, ನಂತರದ ತಪ್ಪಿಗೆ 50 ಲಕ್ಷದವರೆಗೆ ದಂಡ ಹಾಕಬಹುದು. ಆಹಾರದ ನಿಯಮಗಳಲ್ಲಿ 'ಶುದ್ಧ', 'ತಾಜಾ', 'ನೈಸರ್ಗಿಕ', 'ಸಾಂಪ್ರದಾಯಿಕ' ಎಂಬಂಥ ಗುಣವಾಚಕಗಳಿರುವ ಬ್ರ್ಯಾಂಡ್ ಹೆಸರಿಗೆ, ಇದು ಬರೀ ಬ್ರ್ಯಾಂಡ್ ಹೆಸರು, ವಸ್ತುವಿನ ನಿಜ ಸ್ವರೂಪವಲ್ಲ ಎಂದು 3 ಮಿಲಿಮೀಟರಿಗೆ ಕಡಿಮೆಯಿಲ್ಲದ ಅಕ್ಷರಗಳಲ್ಲಿ ಬರೆಯುವ ಅವಕಾಶವಿದೆ. ಆ ಅವಕಾಶ ಗುಣವಾಚಕಕ್ಕೆ, ಕಾಯಿಲೆಯ ಹೆಸರಿಗಲ್ಲ. ಈ ವ್ಯತ್ಯಾಸ ಕಂಪನಿಯ ಉತ್ತರದಲ್ಲಿ ಎಲ್ಲೂ ಕಾಣಲಿಲ್ಲ.

ಹಕ್ಕುನಿರಾಕರಣೆ ಎಷ್ಟು ದುರ್ಬಲ ಎಂಬುದಕ್ಕೆ ಓಆರ್‌ಎಸ್ ಪ್ರಕರಣಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ವಾಂತಿಭೇದಿಯಾದ ಮಗುವಿಗೆ ಕೊಡುವ ಓಆರ್‌ಎಸ್ ಎಂದರೆ ಒಂದು ಲೀಟರ್ ನೀರಿಗೆ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು, ಪೊಟ್ಯಾಸಿಯಂ ಮತ್ತು ಸಿಟ್ರೇಟ್ ಲವಣಗಳು ಅಳೆದು ಸೇರಿದ, ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದ ಸೂತ್ರ. ಆ ಮೂರಕ್ಷರಗಳನ್ನು ಹೆಸರಿನ ಹಿಂದೆಯೋ ಮುಂದೆಯೋ ಅಂಟಿಸಿಕೊಂಡ ಸಿಹಿ ಪಾನೀಯಗಳು ಔಷಧದಂಗಡಿಯ ಅದೇ ಕಪಾಟಿನಲ್ಲಿ ಕೂತಿದ್ದವು. 2022ರ ಜುಲೈ ಮತ್ತು 2024ರ ಫೆಬ್ರವರಿಯ ಆದೇಶಗಳಲ್ಲಿ, ಇದು ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರವಲ್ಲ ಎಂಬ ಸಾಲನ್ನು ಡಬ್ಬಿಯ ಮೇಲೆ ಹಾಕಿಕೊಂಡರೆ ಹೆಸರು ಉಳಿಸಿಕೊಳ್ಳಬಹುದೆಂದು ಎಫ್‌ಎಸ್‌ಎಸ್‌ಎಐ ಹೇಳಿತ್ತು. ಹೈದರಾಬಾದಿನ ಮಕ್ಕಳ ವೈದ್ಯೆ ಡಾ. ಶಿವರಂಜನಿ ಸಂತೋಷ್ ಅವರು ವರ್ಷಗಟ್ಟಲೆ ಹೋರಾಡಿದ ನಂತರ, 2025ರ ಅಕ್ಟೋಬರ್ 14ರಂದು ಆ ಎರಡೂ ಆದೇಶಗಳನ್ನು ಹಿಂತೆಗೆದುಕೊಂಡು, ಹಿಂದೆ ಮುಂದೆ ಏನೇ ಸೇರಿಸಿದರೂ ಆಹಾರ ಪದಾರ್ಥದ ಹೆಸರಿನಲ್ಲಿ ಓಆರ್‌ಎಸ್ ಎಂಬ ಪದವೇ ಇರಬಾರದೆಂದು ಆದೇಶವಾಯಿತು. ಅವಸರದಲ್ಲಿರುವ ತಾಯಿ ಕಪಾಟಿನ ಮುಂದೆ ನಿಂತು ಓದುವುದು ಹೆಸರನ್ನು, ಸಣ್ಣಕ್ಷರದ ಸಾಲನ್ನಲ್ಲ. ಕಡೂರಿನ ಹಿರಿಯರು ಓದಿದ್ದೂ ಹೆಸರನ್ನೇ.

ಕಂಪನಿಯ ಎರಡನೆಯ ಸಲಹೆ, ಕಾಯಿಲೆಯ ಪದ ಬಿಟ್ಟು 'ಸಕ್ಕರೆ ರಹಿತ' ಎಂಬರ್ಥದ ಡೊಮೈನ್ ತೆಗೆದುಕೊಳ್ಳಿ ಎಂಬುದು. ಇದು ಮೇಲ್ನೋಟಕ್ಕೆ ಸಾಧುವಾಗಿ ಕಾಣುತ್ತದೆ, ಆದರೆ ಅದೂ ಒಂದು ಅಳತೆಯಿರುವ ದಾವೆ: 100 ಗ್ರಾಂ ಆಹಾರದಲ್ಲಿ ಸಕ್ಕರೆಯ ಅಂಶ 0.5 ಗ್ರಾಂ ದಾಟಬಾರದು. ಲೇಬಲ್ಲಿನ ದಾವೆ ಆ ಒಂದು ಪ್ಯಾಕೆಟ್ಟಿಗೆ ಮಾತ್ರ ಸೇರಿದರೆ, ಡೊಮೈನ್ ಹೆಸರಿನ ದಾವೆ ಆ ಅಂಗಡಿಯಲ್ಲಿರುವ ಎಲ್ಲ ಪ್ಯಾಕೆಟ್ಟುಗಳ ಮೇಲೂ ಚಾಚಿಕೊಳ್ಳುತ್ತದೆ. ನಮ್ಮ ಮಾಲ್ಟಿಗೆ ಅತ್ತಿಗೆ ಬೆಲ್ಲ ಸೇರಿಸುತ್ತಾರೆ. ಆ ಹೆಸರಿನಡಿ ಬೆಲ್ಲದ ಮಾಲ್ಟ್ ಮಾರಿದ ಕ್ಷಣವೇ ಹೆಸರು ಸುಳ್ಳಾಗುತ್ತಿತ್ತು. 'ಹೆಲ್ತ್ ಡ್ರಿಂಕ್' ಎಂಬಂಥ ಸಾಮಾನ್ಯ ಮಾತೂ ನಿರಪಾಯಕಾರಿಯಲ್ಲ. ಕಾಯ್ದೆಯಲ್ಲಿ ಆ ಹೆಸರಿನ ವರ್ಗವೇ ಇಲ್ಲದ ಕಾರಣ, ಮಾಲ್ಟ್ ಪಾನೀಯಗಳನ್ನು ಆ ತಲೆಬರಹದಡಿ ಇಡಬೇಡಿ ಎಂದು 2024ರ ಏಪ್ರಿಲ್‌ನಲ್ಲಿ ಆನ್‌ಲೈನ್ ಮಾರಾಟ ತಾಣಗಳಿಗೆ ಸೂಚನೆ ಹೋಗಿತ್ತು. ಇನ್ನು ಜರ್ಮನಿಯ ಪಾರ್ಸೆಲ್ಲಿನ ಮಾತು: ಯುರೋಪಿಯನ್ ಒಕ್ಕೂಟದ ನಿಯಮದಲ್ಲಿ ಆರೋಗ್ಯದ ಅರ್ಥ ಹೊರಡಿಸುವ ಬ್ರ್ಯಾಂಡ್ ಹೆಸರಿನ ಜೊತೆಗೆ ಅಲ್ಲಿ ಅನುಮೋದನೆಗೊಂಡ ದಾವೆಯೊಂದು ಇರಲೇಬೇಕು, 2005ಕ್ಕಿಂತ ಮೊದಲಿನ ಹಳೆಯ ಹೆಸರುಗಳಿಗಿದ್ದ ರಿಯಾಯಿತಿ 2022ರ ಜನವರಿ 19ಕ್ಕೆ ಮುಗಿದಿದೆ.

ಕಂಪನಿಯವರು ಕೊನೆಗೆ ಹೇಳಿದ್ದು, ಹೆಸರನ್ನು ಆರಿಸಿದವರು ನೀವು, ನಮ್ಮದು ಬರೀ ನೋಂದಣಿ ಎಂದು. ಇದನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. 2020ರ ಮಾರ್ಚ್‌ನಲ್ಲಿ, ಕೋವಿಡ್ ಹರಡತೊಡಗಿದ್ದ ಸಮಯದಲ್ಲಿ, ಅಮೆರಿಕದ ನ್ಯಾಯಾಂಗ ಇಲಾಖೆ ಟೆಕ್ಸಸ್‌ನ ಆಸ್ಟಿನ್‌ನಲ್ಲಿ ಕೋವಿಡ್ ವಂಚನೆಯ ಮೊದಲ ಮೊಕದ್ದಮೆ ಹೂಡಿದ್ದು 'ಕೊರೊನಾವೈರಸ್‌ಮೆಡಿಕಲ್‌ಕಿಟ್ ಡಾಟ್ ಕಾಮ್' ಎಂಬ ತಾಣದ ಮೇಲೆ. 4.95 ಡಾಲರ್ ಸಾಗಣೆ ವೆಚ್ಚ ಕೊಟ್ಟರೆ ವಿಶ್ವ ಆರೋಗ್ಯ ಸಂಸ್ಥೆಯ ಲಸಿಕೆಯ ಕಿಟ್ ಕಳಿಸುತ್ತೇವೆ ಎಂದು ಅದು ಹೇಳುತ್ತಿತ್ತು. ಆಗ ಲಸಿಕೆಯೇ ಇರಲಿಲ್ಲ. ನಡೆಸುವವರ ಗುರುತು ಸಿಗದ ಕಾರಣ ಮೊಕದ್ದಮೆಯನ್ನು ಹೆಸರು ತಿಳಿಯದ ವ್ಯಕ್ತಿಯ ಮೇಲೆ ಹೂಡಲಾಗಿತ್ತು, ಮತ್ತು ತಾಣವನ್ನು ಮುಚ್ಚಲು ನ್ಯಾಯಾಲಯದ ಆದೇಶ ಹೋದದ್ದು ಆ ಡೊಮೈನನ್ನು ನೋಂದಾಯಿಸಿದ್ದ ಕಂಪನಿಗೆ. ಅಂದರೆ ಹೆಸರು ಮಾರುವವರು ಬಾಗಿಲ ಹೊರಗೆ ನಿಂತು ನೋಡುವವರಲ್ಲ. ಕೇಳಿದ ಹೆಸರನ್ನು ಕೊಟ್ಟಿದ್ದರೆ ಅದು ಬೇರೆ ಮಾತು. ಇಲ್ಲಿ ಹೆಸರನ್ನು ಹುಟ್ಟಿಸಿದ್ದು ಅವರ ಪೆಟ್ಟಿಗೆ, ಅದಕ್ಕೆ ಹಸಿರು ಪಟ್ಟಿ ಹಚ್ಚಿದ್ದು ಅವರ ಪೆಟ್ಟಿಗೆ, ಸಂಶಯ ಬಂದು ಕೇಳಿದಾಗ ಭಯವಿಲ್ಲವೆಂದು ಹೇಳಿದ್ದೂ ಅವರೇ.

ಹೆಸರು ಬದಲಿಸುವ ಕೆಲಸಕ್ಕೆ ನಮಗೆ ಇಪ್ಪತ್ತೆರಡು ದಿನ ಹಿಡಿಯಿತು. ಊರ ಹೆಸರಿನ ಜೊತೆಗೆ ಹಿಟ್ಟು ಎಂಬ ಪದ ಸೇರಿಸಿ ಹೊಸ ಡೊಮೈನ್ ತೆಗೆದುಕೊಂಡೆವು. ಹೊಸ ಹೆಸರಿನ ನೋಂದಣಿಗೆ ಮತ್ತೆ 1,100 ರೂಪಾಯಿ, ಲೇಬಲ್ ಮರುಮುದ್ರಣಕ್ಕೆ 6,400, ಟೇಪಿಗೆ 1,900. ಗೋದಾಮಿನಲ್ಲಿ ಹಳೆಯ ಲೇಬಲ್ ಹಚ್ಚಿದ 340 ಪ್ಯಾಕೆಟ್ಟುಗಳಿದ್ದವು. ಅತ್ತಿಗೆ ಮತ್ತು ಜೊತೆಯ ಹೆಂಗಸರು ಹತ್ತಿಯಲ್ಲಿ ಕೊಬ್ಬರಿ ಎಣ್ಣೆ ಅದ್ದಿ ಒಂದೊಂದನ್ನೇ ನೆನೆಸಿ ಕಿತ್ತರು. ಹೆಸರಿನ ಕೊನೆಯ ಅಕ್ಷರಗಳು ಅಂಟಿಕೊಂಡು ಬಾರದ ಕಡೆ ಉಗುರಿನಿಂದ ಕೆರೆದರು. ಡಾಟ್ ಕಾಮ್ ಹೆಸರುಗಳನ್ನು ಮೊದಲ ಐದು ದಿನಗಳೊಳಗೆ ರದ್ದು ಮಾಡಿದರೆ ನೋಂದಣಿ ಕಂಪನಿಗೆ, ಒಂದು ಮಿತಿಯೊಳಗೆ, ಶುಲ್ಕ ಮರಳುವ ವ್ಯವಸ್ಥೆ ಇದೆ ಎಂಬುದು ನನಗೆ ಆಮೇಲೆ ತಿಳಿಯಿತು. ಆ ಐದು ದಿನಗಳಲ್ಲಿ ಒಂದು ಎಚ್ಚರಿಕೆಯ ಸಂದೇಶ ಬಂದಿದ್ದರೆ ಇದ್ಯಾವುದೂ ಬೇಕಿರಲಿಲ್ಲ.

ಇಲ್ಲೂ ಕಂಪನಿ ಒಂದು ತಪ್ಪು ಸಲಹೆ ಕೊಟ್ಟಿತು. ಹಳೆಯ ಹೆಸರನ್ನು ಬಿಡಬೇಡಿ, ಅದನ್ನು ಹೊಸ ಸೈಟಿಗೆ ತಿರುಗಿಸಿಡಿ, ಗೂಗಲ್‌ನಲ್ಲಿ ಗಳಿಸಿದ ಸ್ಥಾನ ಉಳಿಯುತ್ತದೆ ಎಂದರು. ಸಕ್ಕರೆ ಕಾಯಿಲೆಯ ಔಷಧ ಹುಡುಕುವವರನ್ನು ಆ ಹೆಸರಿನ ಮೂಲಕ ನಮ್ಮ ಹಿಟ್ಟಿನ ಅಂಗಡಿಗೆ ಕರೆತರುವುದೆಂದರೆ ಅದೇ ದಾವೆಯನ್ನು ಹಿಂಬಾಗಿಲಿನಿಂದ ಮುಂದುವರಿಸುವುದು. ಆ ಸಲಹೆಯನ್ನು ನಾವು ತೆಗೆದುಕೊಳ್ಳಲಿಲ್ಲ. ಹೆಸರನ್ನು ಯಾರಿಗೂ ಮಾರದೆ, ಯಾವ ಪುಟಕ್ಕೂ ಜೋಡಿಸದೆ ಖಾಲಿ ಇಟ್ಟಿದ್ದೇವೆ.

ಈ ಪ್ಯಾಕೇಜನ್ನು ಹಿಟ್ಟು ಮಾರುವವರು ಮಾತ್ರ ಕೊಳ್ಳುವುದಿಲ್ಲ. ಕಂಪನಿಯ ಜಾಲತಾಣದಲ್ಲಿ ಕ್ಲಿನಿಕ್ಕುಗಳಿಗೆ, ಪಾರಂಪರಿಕ ವೈದ್ಯರಿಗೆ ಬೇರೆ ಬೇರೆ ವಿನ್ಯಾಸಗಳಿವೆ. ಅವರಿಗೊಂದು ಮಾತು. ನೋಂದಾಯಿತ ವೈದ್ಯರು ಇಂಥ ಕಾಯಿಲೆಗೆ ಚಿಕಿತ್ಸೆ ಕೊಡುತ್ತೇವೆ ಎಂದು ತಮ್ಮ ಆವರಣದಲ್ಲಿ ಬೋರ್ಡು ಹಾಕಿಕೊಳ್ಳಲು 1954ರ ಕಾಯ್ದೆ ವಿನಾಯಿತಿ ಕೊಡುತ್ತದೆ. ಆ ವಿನಾಯಿತಿಯ ಮಾತು ಆವರಣದ ಬೋರ್ಡಿಗೆ ಸೀಮಿತ. ಲೋಕಕ್ಕೆಲ್ಲ ಕಾಣುವ ಡೊಮೈನ್ ಹೆಸರನ್ನು ಕ್ಲಿನಿಕ್ಕಿನ ಬಾಗಿಲ ಬೋರ್ಡೆಂದು ವಾದಿಸಿ ಗೆಲ್ಲುವುದು ಕಷ್ಟ. ಕನ್ನಡ ಲಿಪಿಯಲ್ಲೇ 'ಡಾಟ್ ಭಾರತ' ವಿಳಾಸಗಳು ಈಗ ಸಿಗುತ್ತವೆ. ಅದು ನನಗೆ ಸಂತೋಷದ ಸಂಗತಿ, ಆದರೆ ಕನ್ನಡದಲ್ಲಿ ಬರೆದ ಮಾತ್ರಕ್ಕೆ ಕಾನೂನಿನ ಕಣ್ಣು ತಪ್ಪುವುದಿಲ್ಲ. ನಮ್ಮ ಊರಿನವರಿಗೆ ಇಂಗ್ಲಿಷಿನ 'ಕ್ಯೂರ್'ಗಿಂತ ಕನ್ನಡದ 'ಮುಕ್ತಿ', 'ನಿವಾರಣೆ' ಎಂಬ ಪದಗಳೇ ಬೇಗ ನಾಟುತ್ತವೆ.

ನಾನು ಕೊಡುವ ಅಂಕ ಐದರಲ್ಲಿ ಎರಡು. ವಿನ್ಯಾಸ, ಪಾವತಿ, ಕನ್ನಡದ ಸಹಾಯವಾಣಿ ಇವುಗಳಿಗೆ ಆ ಎರಡು. ಹೆಸರು ಸೂಚಿಸುವ ಪೆಟ್ಟಿಗೆಗೆ ಸೊನ್ನೆ. ಅನುಸೂಚಿಯ 54 ಸಾಲುಗಳನ್ನು ಆ ಪೆಟ್ಟಿಗೆಗೆ ಉಣಿಸಿ, ಅವುಗಳಲ್ಲಿ ಯಾವುದಾದರೂ ಬರುವ ಹೆಸರನ್ನು ಸೂಚಿಸದಿರುವಂತೆ ಮಾಡುವುದು, ಗ್ರಾಹಕರೇ ಬರೆದುಕೊಂಡರೆ ಒಂದು ಎಚ್ಚರಿಕೆ ತೋರಿಸುವುದು, ಅವರ ತಂತ್ರಜ್ಞರಿಗೆ ಒಂದು ಮಧ್ಯಾಹ್ನದ ಕೆಲಸವೆಂದು ನನ್ನ ಅಂದಾಜು. ಇದನ್ನು ಪತ್ರದಲ್ಲಿ ಬರೆದಿದ್ದೇನೆ. ಪರಿಶೀಲಿಸುತ್ತೇವೆ ಎಂಬ ಉತ್ತರ ಬಂದಿದೆ. ಮೊನ್ನೆ ಮತ್ತೆ ಅದೇ ಪೆಟ್ಟಿಗೆಯಲ್ಲಿ 'ರಾಗಿ, ಸಿರಿಧಾನ್ಯ' ಎಂದು ಬರೆದು ನೋಡಿದೆ. ಸಕ್ಕರೆ ಕಾಯಿಲೆಯ ಹೆಸರು ಪಟ್ಟಿಯಿಂದ ಹೋಗಿತ್ತು, ತೂಕ ಮತ್ತು ಬಿಪಿಯ ಹೆಸರುಗಳು ಹಸಿರು ಪಟ್ಟಿಯ ಸಮೇತ ಹಾಗೆಯೇ ಇದ್ದವು. ನಮ್ಮ ಹೋಸ್ಟಿಂಗ್ ನವೀಕರಣಕ್ಕೆ ಇನ್ನು ಎರಡು ತಿಂಗಳಿದೆ. ಅಷ್ಟರೊಳಗೆ ಆ ಎರಡೂ ಹೋದರೆ ಇಲ್ಲೇ ಮುಂದುವರಿಯುತ್ತೇವೆ. ಹೋಗದಿದ್ದರೆ ಬೇರೆ ಕಡೆಗೆ ವರ್ಗಾಯಿಸಲು ಬೇಕಾದ ಕೋಡನ್ನು ಈಗಾಗಲೇ ತೆಗೆದಿಟ್ಟುಕೊಂಡಿದ್ದೇನೆ.